ಟೀಚರ್ ಆಗಿದ್ದ ಅಮ್ಮನ ಬದುಕನ್ನು ಬರೆದಿಡುವುದು ಹೇಗೆ

ಅಮ್ಮ 34 ವರ್ಷ ಗಣಿತ ಕಲಿಸಿದರು. ಮೂರು ಮಕ್ಕಳನ್ನು ಬೆಳೆಸಿದರು. ಅವರು ಹೋದ ಮೇಲೆ, ನುಡಿನಮನಕ್ಕೆ ನಾಲ್ಕು ಮಾತು ಬರೆದುಕೊಡು ಎಂದು ಅಣ್ಣ ಹೇಳಿದ. ನಾನು ಬರೆದದ್ದು ಇಷ್ಟು: ಆದರ್ಶ ಶಿಕ್ಷಕಿ, ಮಮತೆಯ ತಾಯಿ, ಸಹನಾಮೂರ್ತಿ. ಓದಿ ನೋಡಿದೆ. ಅದರಲ್ಲಿ ಅಮ್ಮ ಇರಲಿಲ್ಲ. ಯಾರ ಅಮ್ಮನ ಬಗ್ಗೆಯಾದರೂ ಅದನ್ನೇ ಓದಬಹುದಿತ್ತು. ಆಮೇಲೆ ನಾಲ್ಕು ತಿಂಗಳು ಕೂತು ಸರಿಯಾಗಿ ಬರೆದೆ. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದು ಹೋಗಿದ್ದರೆ ನಾನು ಕಲಿತದ್ದು ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ವಾರವೇ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಾತಾಡಿಸಲು ಬಂದವರು ಏನೇನೋ ಹೇಳುತ್ತಾರೆ. ಅವರು ಎದ್ದು ಹೋದ ತಕ್ಷಣ ಬರೆದುಕೊಳ್ಳಿ. ಒಂದು ನೆನಪಿಗೆ ಒಂದು ಹಾಳೆ, ಹೇಳಿದವರ ಹೆಸರು ಮೇಲೆ. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲಿ ಅದನ್ನು ಪ್ರಕಟಿಸಿದ್ದ. ಕಲಿತದ್ದರಲ್ಲಿ ಜಾಸ್ತಿ ಪಾಲು ಮರೆತುಹೋಗುವುದು ಮೊದಮೊದಲೇ, ಆಮೇಲೆ ಮರೆವು ನಿಧಾನವಾಗುತ್ತದೆ ಎಂದು ತೋರಿಸಿದ. ದುಃಖದಲ್ಲಿ ಕೇಳಿಸಿಕೊಂಡ ಮಾತು ಇನ್ನೂ ಬೇಗ ಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ. ನಾಳೆ ಬರೆದರಾಯಿತು ಅಂದುಕೊಂಡು ಕಳೆದುಕೊಂಡ ಮಾತುಗಳ ಬಗ್ಗೆ ನನಗೆ ಈಗಲೂ ಸಂಕಟವಿದೆ.

ಆಮೇಲೆ ಅವರ ಬ್ಯಾಗ್ ತೆಗೆಯಿರಿ. ಕಷ್ಟ, ಗೊತ್ತು. ಆದರೆ ತೆಗೆಯಿರಿ. ಅಮ್ಮನ ಬ್ಯಾಗಿನ ಹೊಲಿಗೆಯ ಸಂದಿಯಲ್ಲಿ ಚಾಕ್‌ಪೀಸ್ ಪುಡಿ ಇನ್ನೂ ಇತ್ತು. ಒಳಗೆ ಮೊಂಡಾದ ಪೆನ್ಸಿಲ್, ರಬ್ಬರ್, ಯಾವುದೋ ಮಗುವಿನ ಉತ್ತರಪತ್ರಿಕೆ, ಅದರ ಜೊತೆಗೇ ಮಡಚಿಟ್ಟ ತಮ್ಮನ ಲಸಿಕೆ ಕಾರ್ಡು. ಅವನಿಗೀಗ ನಲವತ್ತು ದಾಟಿದೆ. ಅಲ್ಲಿಯವರೆಗೆ ನಾನು 'ಶಾಲೆಯಲ್ಲಿ ಅಮ್ಮ', 'ಮನೆಯಲ್ಲಿ ಅಮ್ಮ' ಎಂದು ಎರಡು ಭಾಗ ಮಾಡಿ ಬರೆಯುತ್ತಿದ್ದೆ. ಆ ಬ್ಯಾಗ್ ನೋಡಿದ ಮೇಲೆ ಬಿಟ್ಟೆ. ಅವರು ಇಡೀ ಜೀವನ ಎರಡನ್ನೂ ಒಂದೇ ಹೆಗಲಿಗೆ ಹಾಕಿಕೊಂಡು ಓಡಾಡಿದವರು. ಹಾಗೇ ಬರೆಯಬೇಕು.

ಅದಕ್ಕೊಂದು ಸುಲಭದ ದಾರಿ ಇದೆ. ದೊಡ್ಡ ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಶಾಲೆ, ಬಲಕ್ಕೆ ಮನೆ. ವರ್ಷದ ಪ್ರಕಾರ ಎರಡೂ ಕಡೆ ತುಂಬುತ್ತಾ ಬನ್ನಿ. ಇಸವಿಗಳನ್ನು ನೆನಪಿನಿಂದ ಬರೆಯಬೇಡಿ. ಅಮ್ಮನಿಗೆ ವರ್ಗವಾದದ್ದು ಯಾವಾಗ ಎಂದು ಕೇಳಿದರೆ ನಾವು ಮೂವರೂ ಮೂರು ಇಸವಿ ಹೇಳಿದೆವು. ಕೊನೆಗೆ ವರ್ಗಾವಣೆ ಪತ್ರ ಸಿಕ್ಕಿತು, ಮೂವರದ್ದೂ ತಪ್ಪು. ನೇಮಕದ ಪತ್ರ, ಸಂಬಳದ ಚೀಟಿ, ನಿವೃತ್ತಿಯ ದಿನದ ಫೋಟೊ, ಗ್ರೂಪ್ ಫೋಟೊಗಳ ಕೆಳಗಿನ ಬರಹ ಇವೆಲ್ಲ ಸುಳ್ಳು ಹೇಳುವುದಿಲ್ಲ. ಹಾಳೆ ತುಂಬಿದ ಮೇಲೆ ಅಡ್ಡಡ್ಡ ಓದಿ. ಅಜ್ಜಿ ಹಾಸಿಗೆ ಹಿಡಿದ ವರ್ಷವೇ ಅಮ್ಮ ಮುಖ್ಯೋಪಾಧ್ಯಾಯಿನಿ ಆದದ್ದು ಎಂದು ನನಗೆ ತಿಳಿದದ್ದು ಹಾಗೆ. ಒಂದೇ ಮನೆಯಲ್ಲಿದ್ದೂ ನನಗೆ ಅದು ಕಂಡಿರಲಿಲ್ಲ.

ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸುವುದು ಮುಖ್ಯ ಕೆಲಸ. 'ನಮ್ಮಮ್ಮ ಹೇಗಿದ್ದರು?' ಎಂದು ಕೇಳಿದರೆ 'ತುಂಬಾ ಒಳ್ಳೆಯವರು' ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸಣ್ಣದನ್ನು ಕೇಳಿ. ಕ್ಲಾಸಿಗೆ ಬಂದ ತಕ್ಷಣ ಮೊದಲು ಏನು ಮಾಡುತ್ತಿದ್ದರು? ನಿಮ್ಮನ್ನು ಏನಂತ ಕರೆಯುತ್ತಿದ್ದರು? ಯಾವತ್ತಾದರೂ ಬೈದಿದ್ದರಾ, ಯಾಕೆ? ಸುಮಾರು 10ರಿಂದ 30ರ ವಯಸ್ಸಿನ ನೆನಪುಗಳು ಮನುಷ್ಯರಲ್ಲಿ ಗಟ್ಟಿಯಾಗಿ ಉಳಿಯುತ್ತವೆ ಎಂದು ನೆನಪಿನ ಬಗ್ಗೆ ಅಧ್ಯಯನ ಮಾಡಿದವರು ಹೇಳುತ್ತಾರೆ. ಶಾಲೆಯ ನೆನಪು ಬರುವುದು ಅಲ್ಲೇ ತಾನೇ? ಸ್ವಲ್ಪ ಹೊತ್ತು ಸುಮ್ನೆ ಕೂತರೆ ಸಾಕು, ಒಂದೊಂದೇ ಬರುತ್ತವೆ. ರ‍್ಯಾಂಕ್ ಬಂದವರನ್ನು ಮಾತ್ರ ಹುಡುಕಬೇಡಿ. ಫೇಲ್ ಆದವರನ್ನು, ಅರ್ಧಕ್ಕೆ ಶಾಲೆ ಬಿಟ್ಟವರನ್ನು, ಜೊತೆಯ ಟೀಚರ್‌ಗಳನ್ನು, ಗಂಟೆ ಬಾರಿಸುತ್ತಿದ್ದವರನ್ನು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಮೊದಲೇ ಅವರ ಒಪ್ಪಿಗೆ ತಗೊಳ್ಳಿ.

ಗಣಿತದಲ್ಲಿ ಎರಡು ಸಲ ಫೇಲ್ ಆಗಿದ್ದ ಒಬ್ಬರು ನನಗೆ ಹೇಳಿದ್ದು ಇದು. ಅಮ್ಮ ತಪ್ಪು ಲೆಕ್ಕಕ್ಕೆ ಕೆಂಪು ಗೆರೆ ಹಾಕುತ್ತಿರಲಿಲ್ಲವಂತೆ. ಲೆಕ್ಕ ಎಲ್ಲಿ ದಾರಿ ತಪ್ಪಿತೋ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದರಂತೆ. ಹುಡುಗ ತಾನೇ ಹುಡುಕಿ ಸರಿ ಮಾಡಿ ತಂದರೆ ಆ ಚುಕ್ಕೆಯನ್ನು ರಬ್ಬರಿನಿಂದ ಅಳಿಸಿ ವಾಪಸ್ ಕೊಡುತ್ತಿದ್ದರಂತೆ. 'ನನ್ನ ಪುಸ್ತಕದಲ್ಲಿ ತಪ್ಪೇ ಇರಲಿಲ್ಲ ಅನ್ನೋ ಹಾಗೆ ಕಾಣ್ತಿತ್ತು' ಎಂದರು. ಮನೆಗೆ ಬಂದು ಅಮ್ಮನ ಪೆಟ್ಟಿಗೆಯಲ್ಲಿ ನಾನು ಎಂಟನೇ ವಯಸ್ಸಿನಲ್ಲಿ ಬರೆದ ಕಾಗದ ಹುಡುಕಿದೆ. ಬೆಳಕಿಗೆ ಹಿಡಿದೆ. ಎರಡು ಕಡೆ ಅಕ್ಷರದ ಪಕ್ಕ ಉಜ್ಜಿದ ಗುರುತು ಇತ್ತು. 'ಸಹನಾಮೂರ್ತಿ' ಎಂಬ ಪದವನ್ನು ಹೊಡೆದು ಹಾಕಿ ಅಲ್ಲಿ ಈ ಚುಕ್ಕೆಯ ಕಥೆ ಬರೆದೆ. ನೀವೂ ಹಾಗೇ ಮಾಡಿ. ಬರೆದದ್ದರಲ್ಲಿ ಹೊಗಳಿಕೆಯ ಪದ ಎಲ್ಲೆಲ್ಲಿದೆ ನೋಡಿ. ಪ್ರತಿಯೊಂದರ ಜಾಗದಲ್ಲೂ ಒಂದು ಘಟನೆ ಇಡಿ. ಘಟನೆ ಸಿಗದಿದ್ದರೆ ಆ ಪದವೇ ಬೇಡ.

ನೋವನ್ನೂ ಬಿಡಬೇಡಿ. ನನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ಅಮ್ಮ ಒಂದು ಸಲವೂ ಬರಲಿಲ್ಲ. ಅದೇ ದಿನಗಳಲ್ಲಿ ಅವರ ಶಾಲೆಯದ್ದೂ ಇರುತ್ತಿತ್ತು. ನಾನು ಅತ್ತದ್ದು ನಿಜ. ಒಮ್ಮೆ ರಾತ್ರಿ ಬಂದು, ನಿದ್ದೆಯಿಂದ ಎಬ್ಬಿಸಿ, ವೇಷ ಹಾಕಿಸಿ ನನ್ನ ಇಡೀ ಪಾತ್ರ ಮಾಡಿಸಿ ನೋಡಿದ್ದೂ ನಿಜ. ಎರಡನ್ನೂ ಬರೆದೆ. ಇಂಥದ್ದನ್ನು ಬರೆದ ಮೇಲೆ ಒಡಹುಟ್ಟಿದವರಿಗೆ ತೋರಿಸಿ. ದೂರು ಹೇಳಿದ ಹಾಗೆ ಕೇಳಿಸಿದರೆ ಅವರು ಹೇಳುತ್ತಾರೆ.

ವಿದ್ಯಾರ್ಥಿಗಳ ಅಂಕಪಟ್ಟಿ, ಅವರು ಬರೆದ ಸ್ವಂತ ವಿಷಯದ ಪತ್ರಗಳು ಸಿಕ್ಕಿದರೆ ಕೇಳದೆ ಯಾರಿಗೂ ತೋರಿಸಬೇಡಿ. ಅವರು ಅಮ್ಮನನ್ನು ನಂಬಿ ಕೊಟ್ಟದ್ದು ಅದು.

ಫೋಟೊಗಳ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಒತ್ತು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಸಣ್ಣ ಫೋಟೊಗಳನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ. ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಕೀಳಬೇಡಿ, ಹಾಗೇ ಸ್ಕ್ಯಾನ್ ಮಾಡಿ. ಒಂದು ಪ್ರತಿ ಬೇರೆಯವರ ಮನೆಯಲ್ಲಿರಲಿ. ಅವರ ದನಿ ಇರುವ ಹಳೇ ಕ್ಯಾಸೆಟ್ ಇದ್ದರೆ ಮೊದಲು ಅದನ್ನೇ ಕಂಪ್ಯೂಟರಿಗೆ ಹಾಕಿಸಿ.

ಸಭೆಯಲ್ಲಿ ಓದುವುದಾದರೆ ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ನನಗೆ 400 ಪದಕ್ಕೆ ಐದು ನಿಮಿಷ ಹಿಡಿಯಿತು. ಅಷ್ಟು ಸಾಕು. ದೊಡ್ಡ ಅಕ್ಷರದಲ್ಲಿ ಎರಡು ಪ್ರತಿ ತೆಗೆಸಿ, ಒಂದನ್ನು ಪಕ್ಕದಲ್ಲಿ ಕೂರುವವರ ಕೈಗೆ ಕೊಡಿ. ಗಂಟಲು ಕಟ್ಟಿದರೆ ಅವರು ಮುಂದುವರಿಸಲಿ. ನನಗೆ ಎರಡನೇ ಪುಟದಲ್ಲಿ ಕಟ್ಟಿತು, ಉಳಿದದ್ದನ್ನು ತಮ್ಮ ಓದಿದ.

ಎಲ್ಲಕ್ಕಿಂತ ಮುಂಚೆ, ಅವರ ಜೊತೆ ಜಾಸ್ತಿ ವರ್ಷ ಬದುಕಿದವರಿಗೆ ಓದಿ ಹೇಳಿ. ನಾನು ಅಪ್ಪನಿಗೆ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಒಂದು ತಪ್ಪಿದೆ. ಅವಳು ಏಳ್ತಾ ಇದ್ದದ್ದು ಐದಕ್ಕಲ್ಲ, ನಾಲ್ಕೂವರೆಗೆ' ಎಂದರು. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟೆ.