ಒಂದು ಗೇಣು ಸಮುದ್ರ: ಅಘನಾಶಿನಿಯಲ್ಲಿ 2050ರ ಕಥೆ ಕಟ್ಟಿದ ಅನುಭವ

ನಮ್ಮ ಮೊದಲ ಸಭೆ ಪೂರ್ತಿ ಹಾಳಾಯಿತು. ತಪ್ಪು ನನ್ನದೇ. ಸಮುದ್ರ ಏರಿದರೆ 2050ಕ್ಕೆ ಊರು ಹೇಗಿರಬಹುದು ಅಂತ ಊರವರೇ ಕೆಲವು ಕಥೆ ಕಟ್ಟಲಿ ಅನ್ನುವುದು ಉದ್ದೇಶ. ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಒಂದು ಊರಿನ ಶಾಲೆಯಲ್ಲಿ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದ್ದೆ. ಹವಾಮಾನ ಬದಲಾವಣೆಯ ವಿಜ್ಞಾನವನ್ನು ಒಟ್ಟುಮಾಡಿ ಹೇಳುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2021ರ ವರದಿಯ ಗ್ರಾಫ್‌ಗಳು. ಕೆಂಪು ಗೆರೆ, ನೀಲಿ ಗೆರೆ. ಹತ್ತು ನಿಮಿಷ ಆಗುವಷ್ಟರಲ್ಲಿ ಅರ್ಧ ಜನ ಚಹಾ ಬಂತಾ ಅಂತ ಬಾಗಿಲ ಕಡೆ ನೋಡುತ್ತಿದ್ದರು. ಬಳಚು (ಚಿಪ್ಪುಮೀನು) ಹೆಕ್ಕುವ ಒಬ್ಬ ಅಜ್ಜಿ ಮಾತ್ರ ಕೇಳಿದರು: "ತಮ್ಮಾ, ಅದೆಲ್ಲ ಇರ್ಲಿ. ನಮ್ಮ ಕಟ್ಟೆಗೆ ಎಲ್ಲಿವರೆಗೆ ಬತ್ತದೆ, ಅದು ಹೇಳು."

ಅಷ್ಟೊಂದು ಗ್ರಾಫ್ ಹೊತ್ತು ತಂದವನಿಗೆ ಅದೊಂದು ಗೊತ್ತಿರಲಿಲ್ಲ.

ಅಜ್ಜಿ ಕೇಳಿದ್ದು ಗಜನಿಯ ಕಟ್ಟೆಯ ಬಗ್ಗೆ. ಗಜನಿ ನೋಡದವರಿಗೆ ಸ್ವಲ್ಪ ಹೇಳಬೇಕು. ಸಮುದ್ರದ ಉಪ್ಪುನೀರು ಹೊಳೆಯೊಳಗೆ ಬಂದು ಹೋಗುವ ಜಾಗದಲ್ಲಿ ಕಟ್ಟೆ ಹಾಕಿ ಮಾಡಿದ ತಗ್ಗು ಗದ್ದೆ ಅದು. ಮಳೆಗಾಲದಲ್ಲಿ ಮಳೆನೀರು ಉಪ್ಪು ತೊಳೆದ ಮೇಲೆ ಕಗ್ಗ ಭತ್ತ ಬೆಳೆಯುತ್ತಾರೆ. ಕಗ್ಗ ಉಪ್ಪನ್ನೂ ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಏಳುತ್ತದೆ, ಗೊಬ್ಬರ ಕೇಳುವುದಿಲ್ಲ. ಕೊಯ್ಲಾದ ಮೇಲೆ ಗೇಟು ತೆಗೆದು ಉಬ್ಬರದ ನೀರು ಬಿಡುತ್ತಾರೆ. ಆಗ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಇಷ್ಟೆಲ್ಲ ನಿಂತಿರುವುದು ಆ ಕಟ್ಟೆಯ ಮೇಲೆ.

ಮುಂದಿನ ಸಲ ಪ್ರೊಜೆಕ್ಟರ್ ಮನೆಯಲ್ಲೇ ಬಿಟ್ಟೆ. ಅಮಾವಾಸ್ಯೆಯ ಉಬ್ಬರ ನೋಡಿಕೊಂಡು ಎಲ್ಲರೂ ಕಟ್ಟೆಗೆ ಹೋದೆವು. ನೀರು ಪೂರ್ತಿ ಏರಿದಾಗ ಗೇಟಿನ ಕಂಬಕ್ಕೆ ಸುಣ್ಣದ ಗುರುತು ಹಾಕಿದೆವು. ಲೋಕದ ಸರಾಸರಿ ಲೆಕ್ಕದಲ್ಲಿ, 1995-2014ರ ಮಟ್ಟಕ್ಕಿಂತ 2050ಕ್ಕೆ ಸಮುದ್ರ ಏರುವುದು, ಹೊಗೆ ತುಂಬಾ ಕಡಿಮೆ ಮಾಡಿದರೆ ಸುಮಾರು 18 ಸೆಂಟಿಮೀಟರ್. ಕಲ್ಲಿದ್ದಲು, ಎಣ್ಣೆ ಸುಡುವುದನ್ನು ಇನ್ನೂ ಜಾಸ್ತಿ ಮಾಡುತ್ತಾ ಹೋದರೆ ಸುಮಾರು 23. ಅದರಲ್ಲಿ ಸ್ವಲ್ಪ ಈಗಾಗಲೇ ಏರಿ ಆಗಿದೆ, ಊರಿಂದ ಊರಿಗೆ ಹೆಚ್ಚು ಕಡಿಮೆಯೂ ಇರುತ್ತದೆ. ಇರಲಿ, ಲೆಕ್ಕಕ್ಕೆ ಒಂದು ಗೇಣು ಅಂತ ಹಿಡಿದೆವು. "ಯಾರ ಗೇಣು?" ಅಂತ ಒಬ್ಬ ಹುಡುಗ ನಕ್ಕ. ಅಜ್ಜಿ ತಮ್ಮ ಕೈಯನ್ನೇ ಕಂಬಕ್ಕೆ ಇಟ್ಟರು. ಅಲ್ಲಿಗೆ ಕೆಂಪು ಬಟ್ಟೆ ಕಟ್ಟಿ, ಅದೇ ಮಟ್ಟಕ್ಕೆ ಕಟ್ಟೆಯುದ್ದಕ್ಕೂ ಹಗ್ಗ ಎಳೆದೆವು. ಹೆಚ್ಚಿನ ಕಡೆ ಹಗ್ಗ ಕಟ್ಟೆಗಿಂತ ಕೆಳಗೇ ಇತ್ತು. ದೋಣಿ ಎಳೆದು ಎಳೆದು ಸವೆದ ಒಂದು ಕಡೆ ಮಾತ್ರ ಹಗ್ಗ ಮೇಲೆ, ಕಟ್ಟೆ ಕೆಳಗೆ. ಯಾರೂ ಮಾತಾಡಲಿಲ್ಲ. 2100ರ ಕೆಟ್ಟ ಲೆಕ್ಕ 63ರಿಂದ 101 ಸೆಂಟಿಮೀಟರ್. ಅಂದರೆ ಎರಡು ಮೊಳಕ್ಕೂ ತುಸು ಮೇಲಿನವರೆಗೆ. ಅದಕ್ಕೆ ಬಟ್ಟೆ ಕಟ್ಟಲು ಕಂಬವೇ ಸಾಲಲಿಲ್ಲ.

ಕಟ್ಟೆಯ ಮೇಲೆ ನಿಂತಾಗಲೇ ನನಗೂ ಒಂದು ವಿಷಯ ಹೊಳೆಯಿತು. 2050ರ ಮಟ್ಟಿಗೆ ಲೋಕ ಒಳ್ಳೆಯ ದಾರಿ ಹಿಡಿದರೂ, ಕೆಟ್ಟ ದಾರಿ ಹಿಡಿದರೂ ಒಂದು ಗೇಣು ನೀರು ಬಂದೇ ಬರುತ್ತದೆ. ದಾರಿಗಳು ದೂರ ಆಗುವುದು ಆಮೇಲೆ. ಹಾಗಾದರೆ ಸಮುದ್ರ ಎಷ್ಟು ಏರುತ್ತದೆ ಅಂತ ನಾಲ್ಕು ಕಥೆ ಕಟ್ಟುವುದು ಸುಮ್ನೆ ದಂಡ, ಅಲ್ವಾ? ನಿಜವಾಗಿ ಗೊತ್ತಿಲ್ಲದ್ದು ಬೇರೆ ಇತ್ತು: ಲೋಕವೂ ಊರೂ ಹೇಗೆ ನಡೆದುಕೊಳ್ಳುತ್ತವೆ ಅನ್ನುವುದು.

ಅದಕ್ಕೆ ಹಳೆಯ ಚೌಕಟ್ಟೊಂದನ್ನು ಎರವಲು ತಂದೆ. 2005ರಲ್ಲಿ ಮುಗಿದ ವಿಶ್ವಸಂಸ್ಥೆಯ ಸಹಸ್ರಮಾನದ ಪರಿಸರ ಸಮೀಕ್ಷೆ (ಮಿಲೇನಿಯಮ್ ಇಕೋಸಿಸ್ಟಮ್ ಅಸೆಸ್‌ಮೆಂಟ್) ಇಡೀ ಭೂಮಿಗೆ ನಾಲ್ಕು ಭವಿಷ್ಯ ಬರೆದಿತ್ತು. ಅದರ ಬುಡದಲ್ಲಿ ಇದ್ದದ್ದು ಎರಡೇ ಪ್ರಶ್ನೆ. ದೇಶಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೋ, ಬಾಗಿಲು ಹಾಕಿಕೊಳ್ಳುತ್ತವೋ? ಪ್ರಕೃತಿ ಕೆಟ್ಟ ಮೇಲೆ ರಿಪೇರಿಯೋ, ಕೆಡುವ ಮೊದಲೇ ಜೋಪಾನವೋ? ಎರಡನೆಯದು ನಮ್ಮ ಊರಿಗೆ ಕನ್ನಡಿ ಹಿಡಿದ ಹಾಗಿತ್ತು: ಕಟ್ಟೆ ಒಡೆದ ಮೇಲೆ ಓಡುವುದೋ, ಒಡೆಯುವ ಮೊದಲೇ ಮಣ್ಣು ಹಾಕುವುದೋ. ಮೊದಲನೆಯದನ್ನೂ ವಿವರಿಸಬೇಕಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಹಲವು ಸರಕಿನ ಮೇಲೆ 50% ಸುಂಕ ಹಾಕಿತ್ತು. ಆಗ ಭಾರತದ ಸಿಗಡಿ ಅತಿ ಹೆಚ್ಚು ಹೋಗುತ್ತಿದ್ದುದೇ ಅಲ್ಲಿಗೆ. "ಬಾಗಿಲು ಹಾಕಿದ್ರೆ ಏನಾಗ್ತದೆ ಅಂತ ಗೊತ್ತಿದೆ, ಮುಂದೆ ಹೇಳಿ" ಅಂದರು ಒಬ್ಬರು.

ಎರಡು ಪ್ರಶ್ನೆ, ಒಂದೊಂದಕ್ಕೂ ಎರಡು ಉತ್ತರ. ಹೀಗೆ ನಾಲ್ಕು ಮೂಲೆ, ನಾಲ್ಕು ಗುಂಪು. ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟೆ: 2050ರ ಬಂಡಿಹಬ್ಬದ ದಿನ ಊಟಕ್ಕೆ ಏನು, ಅಕ್ಕಿ ಎಲ್ಲಿಂದ ಬಂತು, ಊರಲ್ಲಿ ಯಾರಿದ್ದಾರೆ? ಇದು ಚೆನ್ನಾಗಿ ನಡೆಯಿತು. "ಬಾಗಿಲು ಹಾಕಿದ ಲೋಕ, ಒಡೆದ ಮೇಲೆ ಓಡುವ ಊರು" ಅನ್ನುವ ಗುಂಪಿನವರ ಹಬ್ಬದಲ್ಲಿ ರೇಷನ್ ಅಕ್ಕಿ, ಮೊಟ್ಟೆ ಸಾರು. ಬಂಡಿ ಎಳೆಯಲು ಹುಡುಗರು ಬೆಂಗಳೂರಿಂದ ಬಸ್ಸಲ್ಲಿ ಬರಬೇಕು. ಬೆಸೆದುಕೊಂಡ ಲೋಕದ ಒಂದು ಗುಂಪಿನಲ್ಲಿ ದುಡ್ಡು ಚೆನ್ನಾಗಿತ್ತು, ಆದರೆ ಗಜನಿ ಪೂರ್ತಿ ಹೊರಗಿನವರ ಗುತ್ತಿಗೆಗೆ ಹೋಗಿ ಕಗ್ಗದ ಬೀಜವೇ ಇರಲಿಲ್ಲ. ಅದನ್ನು ಓದಿದಾಗ ಸಭೆ ಎಲ್ಲಕ್ಕಿಂತ ಜಾಸ್ತಿ ಗಲಾಟೆಯಾಯಿತು.

ನಾಲ್ಕೂ ಕಥೆಯಲ್ಲಿ ಬೇಕಾಗುವ ಕೆಲಸ ಯಾವುದು ಅಂತ ಹುಡುಕಿದಾಗ ಮೂರು ಉಳಿದವು. ಕಗ್ಗದ ಬೀಜ ಕನಿಷ್ಠ ಕೆಲವು ಮನೆಗಳಲ್ಲಿ ಇರಲೇಬೇಕು. ಸವೆದ ಕಟ್ಟೆ ಏರಿಸಬೇಕು. ಕಟ್ಟೆಯ ಮುಂದೆ ಕಾಂಡ್ಲಾ ಗಿಡ, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್, ಬೇಕು. ಕಾಂಡ್ಲಾ ಅಂದ ಕೂಡಲೇ ಜಗಳ. ಅದು ಗಜನಿಯೊಳಗೆ ನುಗ್ಗಿದರೆ ಗದ್ದೆ ಹೋಯಿತು, ಕಡಿದರೆ ಕೇಸು ಅನ್ನುವ ಹೆದರಿಕೆ. ಕೊನೆಗೆ ಕಟ್ಟೆಯ ಹೊರಗೆ ಮಾತ್ರ ಅಂತ ತೀರ್ಮಾನವಾಯಿತು. ಅವರ ಮಾತು ಸರಿ ಅಂತಲೇ ನನಗೂ ಅನ್ನಿಸಿತು.

ಇದನ್ನೆಲ್ಲ ಪಂಚಾಯಿತಿಯ 'ನಮ್ಮ ಗ್ರಾಮ ನಮ್ಮ ಯೋಜನೆ'ಗೆ ಸೇರಿಸಲು ಹೋದಾಗ, ಫಾರ್ಮಿನಲ್ಲಿ 2050ಕ್ಕೆ ಕಾಲಂ ಇಲ್ಲ ಅಂದರು. ಸಿಟ್ಟು ಬಂತು. ಆಮೇಲೆ ನಾಲ್ಕು ಕಥೆಯನ್ನೂ ಬದಿಗಿಟ್ಟು "ಕಟ್ಟೆ ದುರಸ್ತಿ" ಅನ್ನುವ ಮಾಮೂಲಿ ಸಾಲಿನ ಪಕ್ಕ "ಈಗಿನದಕ್ಕಿಂತ 25 ಸೆಂ.ಮೀ. ಎತ್ತರಿಸಿ" ಅಂತ ಬರೆಸಿದೆವು. ಐಪಿಸಿಸಿ ನಮ್ಮ ಪಂಚಾಯಿತಿಗೆ ಬಂದದ್ದು ಅಷ್ಟೇ, ಒಂದು ಗೇಣು.

ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿ ಇನ್ನೂ ಕಷ್ಟ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಈಗ ಇದು ಲೋಕದ ಲೆಕ್ಕದಲ್ಲಿರುವ ಜೌಗು ಪ್ರದೇಶ. ಅದರ ನಕ್ಷೆ ಮಾಡುವವರಿಗೆ ನಮ್ಮ ಊರಿನ ತಿಂಗಳ ಪಟ್ಟಿ ತೋರಿಸಿದೆ. ಯಾವಾಗ ಭತ್ತ, ಯಾವಾಗ ಸಿಗಡಿ, ಯಾವಾಗ ಬಳಚು. ಗಜನಿಗೆ ಯಾವ ಬಣ್ಣ ಹಾಕೋಣ, ಗದ್ದೆಯದೋ ನೀರಿನದೋ ಅಂತ ಕೇಳಿದರು. ಎರಡೂ ಹಾಕಿ ಅಂದೆ. ಒಂದು ಜಾಗಕ್ಕೆ ಒಂದೇ ಬಣ್ಣವಂತೆ. ಸದ್ಯಕ್ಕೆ ಎರಡು ನಕ್ಷೆ ಕೊಟ್ಟು ಬಂದಿದ್ದೇವೆ, ಮಳೆಗಾಲದ್ದೊಂದು, ಬೇಸಿಗೆಯದ್ದೊಂದು.