ಮೊದಲು ಲೆಕ್ಕ, ಆಮೇಲೆ ವಚನ: ಶಿಷ್ಯತ್ವದ ಗುಂಪು ನಡೆಸಿದ ನನ್ನ ಅನುಭವ

ಕ್ರೈಸ್ತ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಶಿಷ್ಯತ್ವದ ತರಗತಿ (ಯೇಸುವಿನ ಶಿಷ್ಯರಾಗಿ ಬದುಕುವುದನ್ನು ಕಲಿಸುವುದು) ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹನ್ನೆರಡು ಪಾಠದ ಪುಸ್ತಕ, ಬಿಟ್ಟ ಸ್ಥಳ ತುಂಬಿಸುವುದು, ಬಾಯಿಪಾಠದ ಬೈಬಲ್ ವಚನ, ಕೊನೆಗೆ ಸರ್ಟಿಫಿಕೇಟು, ಗ್ರೂಪ್ ಫೋಟೋ. ಇದೆಲ್ಲ ನಿಮಗೆ ಗೊತ್ತು. ನಾನೂ ವರ್ಷಗಟ್ಟಲೆ ನಡೆಸಿದವನೇ. ಬಂದವರೆಲ್ಲ ಒಳ್ಳೆಯ ಹುಡುಗರು. ವಚನ ಕೇಳಿದರೆ ಪಟಪಟ ಹೇಳುತ್ತಿದ್ದರು. ಆದರೆ ಸೋಮವಾರ ಬೆಳಿಗ್ಗೆ ಸೈಟಿಗೋ ಆಫೀಸಿಗೋ ಹೋದ ಮೇಲೆ ಅವರಿಗೂ ಪಕ್ಕದವರಿಗೂ ಏನು ವ್ಯತ್ಯಾಸ ಅಂತ ಯಾರೂ ಕೇಳುತ್ತಿರಲಿಲ್ಲ. ಕೇಳಲು ದಾರಿಯೇ ಇರಲಿಲ್ಲ.

ಈಗ ನಾವು ಮಾಡುವುದು ಇಷ್ಟೇ. ತಿಂಗಳಿಗೊಮ್ಮೆ ಐದು ಜನ ಕೂರುತ್ತೇವೆ. ಪ್ರತಿಯೊಬ್ಬರೂ ಆ ತಿಂಗಳ ಲೆಕ್ಕವನ್ನು ಕೈಯಲ್ಲಿ ಬರೆದು ತರಬೇಕು. ಬಂದದ್ದು, ಹೋದದ್ದು, ಸಾಲ, ಚೀಟಿ, ಎಲ್ಲ. ಅದನ್ನು ಉಳಿದ ನಾಲ್ವರ ಮುಂದೆ ಜೋರಾಗಿ ಓದಬೇಕು. ಅದು ಮುಗಿದ ಮೇಲೆ ಸತ್ಯವೇದ (ಬೈಬಲ್) ತೆರೆಯುತ್ತೇವೆ. ಈ ಕ್ರಮ ತಿರುಗಿಸಬೇಡಿ. ವಚನ ಮೊದಲು ಬಂದರೆ ಎಲ್ಲರೂ ಭಕ್ತಿಯ ಮುಖ ಹಾಕಿಕೊಳ್ಳುತ್ತಾರೆ. ಆಮೇಲೆ ಲೆಕ್ಕ ಓದಲು ಬಾಯಿ ಬರುವುದಿಲ್ಲ.

ಶುರು ಮಾಡುವಾಗ ನಮ್ಮ ಸಭೆಯ ಹಿರಿಯರೊಬ್ಬರು, "ಇದು ಪ್ರಾರ್ಥನಾ ಕೂಟಾನಾ, ಆಡಿಟರ್ ಆಫೀಸಾ ಬ್ರದರ್?" ಅಂದರು. ಸಭಾಪಾಲಕರು (ಪಾಸ್ಟರ್) ಏನೂ ಹೇಳಲಿಲ್ಲ, ಆದರೆ ಹಾಲ್‌ನ ಬೀಗದ ಕೈ ಕೊಡಲೂ ಇಲ್ಲ. ಹಾಗಾಗಿ ಬೆಂಗಳೂರಿನ ಲಿಂಗರಾಜಪುರದ ನಮ್ಮ ಮನೆಯ ಮಹಡಿಯಲ್ಲೇ ಶುರುವಾಯಿತು. ಆರು ತಿಂಗಳು ಬಾಳಲ್ಲ ಅಂದವರು ಬೇಕಾದಷ್ಟು ಜನ. ಈಗ ಹತ್ತಿರ ಹತ್ತಿರ ಐದು ವರ್ಷ. ಮೂರು ಗುಂಪು ನಡೆಯುತ್ತಿವೆ. ಒಂದನ್ನು ನಾನು ನೋಡುವುದೂ ಇಲ್ಲ, ಅದರ ಪಾಡಿಗೆ ಅದು ನಡೆಯುತ್ತಿದೆ. ಹೇಳಿಕೊಳ್ಳುವುದರಲ್ಲಿ ತಪ್ಪೇನಿದೆ, ನನಗೆ ಖುಷಿಯಿದೆ.

ಬೈಬಲಿನ ಲೂಕನ ಸುವಾರ್ತೆಯ 14, ಎಲ್ಲರೂ ಬೋಧಿಸಿದ ಅಧ್ಯಾಯ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕು. 10,000 ಸೈನಿಕರಿರುವ ರಾಜ 20,000 ಸೈನಿಕರ ಎದುರು ಹೋಗುವ ಮೊದಲು ಕೂತು ಯೋಚಿಸಬೇಕು. ಎರಡೂ ಕಡೆ 'ಕೂತು' ಅಂತಲೇ ಇದೆ ನೋಡಿ. ದೊಡ್ಡ ಗುಂಪು ಹಿಂದೆ ಬರುತ್ತಿದ್ದಾಗ ಯೇಸು ತಿರುಗಿಕೊಂಡು ಹೇಳಿದ ಮಾತುಗಳಿವು. ನಾವು ಇದನ್ನೇ ಉಜ್ಜೀವನ ಕೂಟದಲ್ಲಿ ಹೇಳಿ, ಕೈ ಎತ್ತಿಸಿ, ಕಾರ್ಡ್ ತುಂಬಿಸಿ ಕಳಿಸುತ್ತೇವೆ. ಯಾರನ್ನೂ ಕೂರಿಸುವುದಿಲ್ಲ.

ನಾನು ಕೂತದ್ದು ನನ್ನ ಕಸುಬಿನಿಂದಾಗಿ. ಮನೆ ವೈರಿಂಗ್ ಕಾಂಟ್ರಾಕ್ಟ್ ನನ್ನದು. ಸಾಮಾನು ಬಿವಿಕೆ ಅಯ್ಯಂಗಾರ್ ರಸ್ತೆಯಿಂದ. ಬಿಲ್ಲಿಲ್ಲದೆ ಕೆಲಸ ಮಾಡಿಸಿಕೊಳ್ಳುವುದು ಈ ಲೈನಿನಲ್ಲಿ ಎಷ್ಟು ಸಹಜ ಅಂತ ಈ ಕಸುಬಿನವರಿಗೆ ಹೇಳಬೇಕಾಗಿಲ್ಲ. ಪಕ್ಕಾ ಬಿಲ್ ಬಿಟ್ಟು ಬೇರೆ ಕೊಡಲ್ಲ ಅಂತ ನಾನು ನಿಂತೆ. ಎರಡೂವರೆ ಲಕ್ಷದ ಕೆಲಸಕ್ಕೆ 18 ಪರ್ಸೆಂಟ್ ಜಿಎಸ್‌ಟಿ ಅಂದರೆ 45,000 ಜಾಸ್ತಿ. ಮನೆ ಕಟ್ಟಿಸುವವರು ಯಾಕೆ ಕೊಡುತ್ತಾರೆ? ಪಕ್ಕದ ರಸ್ತೆಯವನನ್ನು ಕರೆದರು. ತಿಂಗಳಿಗೆ 70 ಸಾವಿರದ ಆಸುಪಾಸು ಕೈಗೆ ಬರುತ್ತಿದ್ದದ್ದು 40ಕ್ಕೆ ಇಳಿಯಿತು. ಒಂದು ಕಚೇರಿಯಲ್ಲಿ ಕೈ ಬೆಚ್ಚಗೆ ಮಾಡಲ್ಲ ಅಂದದ್ದಕ್ಕೆ ಫೈಲು ತಿಂಗಳುಗಟ್ಟಲೆ ಮಲಗಿತು. ಮನೆಯಾಕೆಯ ಸರ ಗಿರವಿಗೆ ಹೋಯಿತು. ಅದನ್ನು ಬಿಡಿಸಿಕೊಳ್ಳಲು ಎರಡು ವರ್ಷದ ಮೇಲೆ ಹಿಡಿಯಿತು. ಆ ಸಮಯದಲ್ಲಿ ನನಗೆ ಬೇಕಾಗಿದ್ದದ್ದು ಇನ್ನೊಂದು ಬೈಬಲ್ ಸ್ಟಡಿ ಅಲ್ಲ. ಈ ತಿಂಗಳು ಎಷ್ಟು ಕಡಿಮೆ ಬಿತ್ತು ಅಂತ ಕೇಳುವ ನಾಲ್ಕು ಜನ ಬೇಕಾಗಿತ್ತು.

ಮೊದಲ ಗುಂಪು ಕೆಟ್ಟದ್ದು ಸಾಲದಿಂದ. ಲೆಕ್ಕ ಬಿಚ್ಚಿಟ್ಟ ಮೇಲೆ ಯಾರಿಗೆ ಎಷ್ಟು ಕಷ್ಟ, ಯಾರ ಹತ್ತಿರ ಎಷ್ಟಿದೆ ಎಲ್ಲ ಗೊತ್ತಾಗುತ್ತದಲ್ವಾ. ಒಬ್ಬರು ಇನ್ನೊಬ್ಬರ ಹತ್ತಿರ 60 ಸಾವಿರ ತೆಗೆದುಕೊಂಡರು. ಮೂರು ಕಂತು ಕೊಟ್ಟರು. ಆಮೇಲೆ ಕೂಟಕ್ಕೆ ಬರುವುದು ನಿಂತಿತು, ಆಮೇಲೆ ಸಭೆಗೂ. ಕೊಟ್ಟವರಿಗೆ ಹಣಕ್ಕಿಂತ ಮನುಷ್ಯ ಹೋದದ್ದೇ ನೋವು. ಆವತ್ತಿನಿಂದ ನಿಯಮ ಒಂದೇ: ಗುಂಪಿನೊಳಗೆ ಸಾಲ ಇಲ್ಲ. ಕೊಡುವುದಾದರೆ ಕೊಡು, ಮರೆತುಬಿಡು. ಆಗದಿದ್ದರೆ ಸುಮ್ನಿರು.

ಎರಡನೇ ಗುಂಪನ್ನು ಕೆಡಿಸಿದ್ದು ಎಕ್ಸೆಲ್. ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರಿದ್ದರು. ಚಂದದ ಶೀಟ್ ಮಾಡಿದರು, ಬಣ್ಣಬಣ್ಣದ ಚಾರ್ಟು. ಅದರಲ್ಲಿ 'ಇತರೆ' ಅಂತ ಒಂದು ಕಾಲಂ. ಸಂಬಳದ ಕಾಲು ಭಾಗ ಅದರಲ್ಲೇ ಕೂತಿತ್ತು! ವಾರಾಂತ್ಯದ ಪಾರ್ಟಿ, ಆನ್‌ಲೈನ್ ಬೆಟ್ಟಿಂಗ್, ಅಮ್ಮನಿಗೆ ಗೊತ್ತಿಲ್ಲದ ಫೋನಿನ ಇಎಂಐ, ಎಲ್ಲ ಇತರೆ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಇತರೆ ಅಂತ ಕಾಲಂ ಇಡಬೇಡಿ. ಹತ್ತು ರೂಪಾಯಿ ಆದರೂ ಹೆಸರು ಹಾಕಿ ಬರೆಯಲಿ. ಕೈಯಲ್ಲಿ ಬರೆಯುವಾಗ ಬೇಜಾರಾಗುತ್ತದೆ, ಆ ಬೇಜಾರೇ ಅರ್ಧ ಕೆಲಸ ಮಾಡುತ್ತದೆ.

ವಾಟ್ಸಾಪ್‌ನಲ್ಲಿ ಫೋಟೋ ತೆಗೆದು ಕಳಿಸುವುದನ್ನೂ ನೋಡಿದೆವು. ಹೆಬ್ಬೆರಳ ಎಮೋಜಿ ಬಿಟ್ಟರೆ ಏನೂ ಬರಲಿಲ್ಲ.

ಇದು ನಾನು ಹುಟ್ಟಿಸಿದ ವಿಷಯವೇನೂ ಅಲ್ಲ. 1742ರಲ್ಲಿ, ಮೆಥಡಿಸ್ಟ್ ಪಂಥ ಶುರು ಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಅವರ ಬ್ರಿಸ್ಟಲ್‌ನ ಗುಂಪಿಗೆ ಪ್ರಾರ್ಥನಾಲಯದ ಸಾಲ ತೀರಿಸಬೇಕಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಬೇಕು, ಹನ್ನೆರಡು ಜನಕ್ಕೆ ಒಬ್ಬ ಮುಖಂಡ, ಅವನು ಮನೆಮನೆಗೆ ಹೋಗಿ ಎತ್ತಬೇಕು ಅಂತ ಮಾಡಿದರು. ಪೆನ್ನಿಗೆ ಹೋದವರಿಗೆ ಮನೆಯೊಳಗಿನ ಸ್ಥಿತಿ ಕಂಡಿತು. ಯಾರು ಕುಡಿಯುತ್ತಾರೆ, ಯಾರ ಮನೆಯಲ್ಲಿ ಜಗಳ ಅಂತ ತಿಳಿಯಿತು. ಅದೇ ಅವರ ಕ್ಲಾಸ್ ಮೀಟಿಂಗ್ ಆಯಿತು. ಹಣದ ಹಿಂದೆ ಹೋದಾಗ ಮನುಷ್ಯ ಸಿಕ್ಕಿದ. ನಮ್ಮ ಬೆಂಗಳೂರಿನ ಹಡ್ಸನ್ ಚರ್ಚ್ ಆ ಪರಂಪರೆಯ ಮಿಷನ್‌ನಿಂದಲೇ ಬಂದದ್ದು, ಆದರೆ ಈ ಪದ್ಧತಿ ಹೇಳಿದರೆ ನಮ್ಮವರಿಗೇ ಹೊಸತು ಅನಿಸುತ್ತದೆ. ನನ್ನ ಲೆಕ್ಕದಲ್ಲಿ ಮಾತ್ರ ಹನ್ನೆರಡು ಜನ ಜಾಸ್ತಿ. ಐದು ದಾಟಿದರೆ ಲೆಕ್ಕ ಓದುವುದು ಭಾಷಣವಾಗುತ್ತದೆ.

ವೆಸ್ಲಿ ಅವರದ್ದೇ ಇನ್ನೊಂದು ಸಂಗತಿ. ವರ್ಷಕ್ಕೆ 30 ಪೌಂಡ್ ಬರುವಾಗ 28ರಲ್ಲಿ ಬದುಕಿ ಎರಡು ಕೊಟ್ಟರು. ಬರುವುದು 60 ಆಯಿತು, 90 ಆಯಿತು, ಬದುಕಿದ್ದು 28ರಲ್ಲೇ. ಉಳಿದದ್ದೆಲ್ಲ ಬಡವರಿಗೆ. ಇದನ್ನು ಒಂದು ವರ್ಷ ನಾವು ಪ್ರಯೋಗ ಮಾಡಿದೆವು. ಸಂಬಳ ಏರಿದರೂ ಖರ್ಚು ಏರಿಸಬಾರದು ಅಂತ. ಬೆಂಗಳೂರಿನಲ್ಲಿ ಆಗಲಿಲ್ಲ. ಮನೆ ಮಾಲೀಕರು ಬಾಡಿಗೆ ಏರಿಸಿದರು, ಶಾಲೆಯವರು ಫೀಸು ಏರಿಸಿದರು. ನಾವು ನಿಂತರೂ ಊರು ನಿಲ್ಲುವುದಿಲ್ಲ. ಕೊನೆಗೆ ಏರಿದ್ದರಲ್ಲಿ ಅರ್ಧ ಅಂತ ಒಪ್ಪಿಕೊಂಡೆವು. ಮೂವರು ಇವತ್ತಿಗೂ ಹಾಗೇ ಮಾಡುತ್ತಿದ್ದಾರೆ.

ಇನ್ನೊಂದು ಪ್ರಯೋಗ ದಶಮಾಂಶದ್ದು, ಅಂದರೆ ಸಂಪಾದನೆಯ ಹತ್ತರಲ್ಲಿ ಒಂದು ಪಾಲು ದೇವರಿಗೆ ಕೊಡುವುದು. ಯುಪಿಐನಲ್ಲಿ ಆಟೋಪೇ ಹಾಕಿಬಿಟ್ಟರೆ ತಪ್ಪುವುದಿಲ್ಲ ಅಂದುಕೊಂಡೆವು. ನಿಜ, ತಪ್ಪಲಿಲ್ಲ. ಆದರೆ ಕೊಟ್ಟದ್ದೇ ಯಾರಿಗೂ ಗೊತ್ತಾಗಲಿಲ್ಲ, ಕೇಬಲ್ ಬಿಲ್ ಕಟ್ಟಿದ ಹಾಗೆ. ಮತ್ತೆ ನೋಟು ಎಣಿಸಿ ಕವರಿಗೆ ಹಾಕುವುದಕ್ಕೆ ಬಂದೆವು. ಎಣಿಸುವಾಗ ಕೈ ಸ್ವಲ್ಪ ತಡೆಯುತ್ತದೆ. ತಡೆಯಲಿ. ಪುದೀನ, ಜೀರಿಗೆಯಲ್ಲೂ ದಶಮಾಂಶ ಕೊಟ್ಟು ನ್ಯಾಯವನ್ನೂ ಕರುಣೆಯನ್ನೂ ಬಿಟ್ಟವರಿಗೆ ಮತ್ತಾಯನ ಸುವಾರ್ತೆಯ 23ರಲ್ಲಿ ಯೇಸುವಿನಿಂದ ಎಷ್ಟು ಬೈಗುಳ ಬಿತ್ತು ಅಂತ ಗೊತ್ತಲ್ಲ.

ನಿಜವಾಗಿ ಬೆಲೆ ತೆತ್ತವರ ವಿಷಯಕ್ಕೆ ಬರುತ್ತೇನೆ. ಹೆಸರು ಬೇಡ. ಒಬ್ಬರು ಕಟ್ಟಡದ ಸೂಪರ್‌ವೈಸರ್. ಮಾಲೀಕರ ಹಣದಲ್ಲಿ ಸಾಮಾನು ಕೊಂಡು, ಅಂಗಡಿಯಿಂದ ಕಮಿಷನ್ ಪಡೆದು, ಅದನ್ನೂ ರೇಟಿನಲ್ಲಿ ಸೇರಿಸುತ್ತಿದ್ದರು. ಲೆಕ್ಕ ಬರೆಯಲು ಶುರು ಮಾಡಿದ ಮೂರನೇ ತಿಂಗಳೋ ನಾಲ್ಕನೆಯದೋ, 'ಬಂದದ್ದು' ಅನ್ನುವ ಪುಟದಲ್ಲಿ ಅದನ್ನು ಏನಂತ ಬರೆಯುವುದು ಅಂತ ಅವರಿಗೇ ತೋಚಲಿಲ್ಲ. ನಾವು ಯಾರೂ ಕೇಳಿರಲಿಲ್ಲ. ಹಿಂದಿನ ವರ್ಷಗಳದ್ದೆಲ್ಲ ಕೂಡಿಸಿದರೆ ಒಂದೂವರೆ ಲಕ್ಷದ ಹತ್ತಿರ ಆಯಿತು. ಲೂಕನ ಸುವಾರ್ತೆಯಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನಾಲ್ಕರಷ್ಟು ಅಂದರೆ ಆರು ಲಕ್ಷ, ಇವರ ಕೈಯಲ್ಲಿ ಆಗದು. ಬೈಬಲಿನ ಹಳೆ ಒಡಂಬಡಿಕೆಯ ನಿಯಮಗಳ ಪುಸ್ತಕ ಯಾಜಕಕಾಂಡ ತೆಗೆದೆವು. ಮೋಸದಿಂದ ತೆಗೆದುಕೊಂಡದ್ದಕ್ಕೆ ಐದರಲ್ಲಿ ಒಂದು ಪಾಲು ಸೇರಿಸಿ ಹಿಂದಕ್ಕೆ ಕೊಡಬೇಕು ಅಂತಿದೆ. ಹಾಗಾಗಿ 1.8 ಲಕ್ಷ. ಎರಡು ವರ್ಷ, ತಿಂಗಳಿಗೆ ಏಳೆಂಟು ಸಾವಿರ.

ಇದು ಸಾಕ್ಷಿ ಕೂಟದಲ್ಲಿ ಹೇಳುವಷ್ಟು ಸಿಹಿಯಾಗಿ ನಡೆಯಲಿಲ್ಲ. ಒಬ್ಬ ಮಾಲೀಕರು ನಕ್ಕು ಕಾಫಿ ಕೊಟ್ಟು ಕಳಿಸಿದರು. ಇನ್ನೊಬ್ಬರು, "ಇಷ್ಟೇನಾ, ಇನ್ನೂ ಎಷ್ಟು ಹೊಡೆದಿದ್ದೀಯ?" ಅಂತ ಪೊಲೀಸ್ ಹೆಸರು ಎತ್ತಿದರು. ಆ ಮನೆಗೆ ಎರಡನೇ ಸಲ ಹೋಗುವಾಗ ನಾವಿಬ್ಬರು ಜೊತೆಗೆ ಹೋದೆವು. ಅವರು ಕೆಲಸ ಮಾಡುತ್ತಿದ್ದ ಕಡೆ ಸುದ್ದಿ ಹೋಯಿತು, ಕೆಲಸ ಹೋಯಿತು. ಈಗ ಆಟೋ ಓಡಿಸುತ್ತಾರೆ. ಮೊದಲಿನ ಸಂಪಾದನೆ ಇವತ್ತಿಗೂ ಇಲ್ಲ. "ದೇವರು ಎರಡರಷ್ಟು ಕೊಟ್ಟ" ಅಂತ ಯಾರಾದರೂ ವೇದಿಕೆ ಮೇಲೆ ಇವರ ಕಥೆ ಹೇಳಿದರೆ ನಂಬಬೇಡಿ. ಕೊಟ್ಟಿಲ್ಲ. ಆದರೂ ಕೂಟ ತಪ್ಪಿಸುವುದಿಲ್ಲ. ನಮ್ಮಲ್ಲಿ ಜೋರಾಗಿ ನಗುವವರು ಅವರೇ.

ಇನ್ನೊಬ್ಬ ಹುಡುಗನದ್ದು ಮದುವೆ. ಹನ್ನೆರಡು ಲಕ್ಷದ ಮದುವೆ ಅಂತ ಎರಡೂ ಕಡೆಯವರು ಕೂತು ಮಾತಾಡಿದ್ದರು. ಕಲ್ಯಾಣ ಮಂಟಪ, ಬಿರಿಯಾನಿ, ಹುಡುಗಿಗೆ ಒಡವೆ. ಅರ್ಧಕ್ಕಿಂತ ಜಾಸ್ತಿ ಸಾಲ. ಲೆಕ್ಕ ಓದುವಾಗ ಗುಂಪಿನಲ್ಲಿ ಒಬ್ಬರು, "ಇದನ್ನು ತೀರಿಸುವವರು ಯಾರಪ್ಪಾ?" ಅಂದರು ಅಷ್ಟೇ. ಹುಡುಗ, ಹುಡುಗಿ ಇಬ್ಬರೇ ನಿರ್ಧಾರ ಮಾಡಿದರು. ಚರ್ಚ್‌ನಲ್ಲಿ ಆರಾಧನೆ, ಹೊರಗೆ ಶಾಮಿಯಾನ, ಊಟ. ಮೂರೂವರೆ ಲಕ್ಷದಲ್ಲಿ ಮುಗಿಯಿತು. ಹುಡುಗನ ದೊಡ್ಡಪ್ಪ ಮದುವೆಗೇ ಬರಲಿಲ್ಲ. ಎರಡು ವರ್ಷ ಮಾತಿಲ್ಲ. "ನಮ್ಮ ಮನೆ ಮರ್ಯಾದೆ ಬೀದಿಗೆ ತಂದವರು ನೀವೇ" ಅಂತ ನನಗೆ ಫೋನ್ ಮಾಡಿ ಬೈದರು. ತಂದೆ ತಾಯಿ ಅಣ್ಣ ತಮ್ಮಂದಿರಿಗಿಂತ ನನ್ನನ್ನು ಮುಂದಿಡದವನು ನನ್ನ ಶಿಷ್ಯನಾಗಲಾರ ಅನ್ನುವ ಯೇಸುವಿನ ಮಾತು ಅದೇ ಲೂಕ 14ರಲ್ಲಿ ಗೋಪುರಕ್ಕಿಂತ ಎರಡೇ ವಚನ ಮೇಲಿದೆ. ಲಂಚ ಕೊಡದೆ ಇರುವುದು ಸುಲಭ, ದೊಡ್ಡಪ್ಪನನ್ನು ಎದುರಿಸುವುದು ಕಷ್ಟ.

ಹೆಂಗಸರ ಗುಂಪನ್ನು ಮನೆಯಾಕೆ ನೋಡಿಕೊಳ್ಳುತ್ತಾಳೆ. ಒಪ್ಪಿಕೊಳ್ಳಲು ಸ್ವಲ್ಪ ಹೊಟ್ಟೆಕಿಚ್ಚು, ಆದರೆ ನಮ್ಮದಕ್ಕಿಂತ ಅದೇ ಚೆನ್ನಾಗಿ ನಡೆಯುತ್ತಿದೆ. ಗಂಡಸರು ಮುಚ್ಚಿಡುವುದು ಸಂಪಾದನೆ, ಹೆಂಗಸರು ಮುಚ್ಚಿಡುವುದು ಚೀಟಿ. ಚೀಟಿ ಎತ್ತಿದ್ದು, ಯಾರಿಗೋ ಕೊಟ್ಟದ್ದು, ಅಡ ಇಟ್ಟ ಓಲೆ. ಒಂದು ಸಲ ಬಾಯಿ ಬಿಟ್ಟರೆ ಆಮೇಲೆ ಅವರಲ್ಲಿ ತಡೆಯಿಲ್ಲ. ಶುಕ್ರವಾರ ಮಧ್ಯಾಹ್ನದ ಊಟ ಬಿಟ್ಟು ಆ ಹಣ ಡಬ್ಬಿಗೆ ಹಾಕುತ್ತಾರೆ. ದರ್ಶಿನಿ ಊಟದ ರೇಟಿನಲ್ಲಿ ಒಬ್ಬರಿಗೆ ಎಂಬತ್ತೋ ನೂರೋ. ಹೋದ ವರ್ಷ ಬೀದಿಯ ಒಬ್ಬ ಅಜ್ಜಿಯ ಕಣ್ಣಿನ ಆಪರೇಷನ್ ಅದರಲ್ಲೇ ಆಯಿತು. ಅಜ್ಜಿ ಸಭೆಯವರಲ್ಲ, ಯಾರೂ ಅವರನ್ನು ಸಭೆಗೆ ಕರೆಯಲೂ ಇಲ್ಲ.

ಶುರು ಮಾಡುವವರಿಗೆ ಕೆಲವು ಮಾತು. ಗಂಡ ಬಂದರೆ ಹೆಂಡತಿಗೆ ಮೊದಲೇ ಒಪ್ಪಿಗೆ ಇರಬೇಕು, ಇಲ್ಲದಿದ್ದರೆ ಮನೆಯಲ್ಲಿ ಯುದ್ಧ. ಸಭಾಪಾಲಕರನ್ನು ನಿಮ್ಮ ಗುಂಪಿಗೆ ಸೇರಿಸಬೇಡಿ. ಅವರ ಮುಂದೆ ಯಾರೂ ನಿಜ ಬರೆಯುವುದಿಲ್ಲ. ಅವರಿಗೆ ಬೇರೆ ಪಾಸ್ಟರ್‌ಗಳ ಜೊತೆ ಒಂದು ಗುಂಪು ಮಾಡಿಕೊಳ್ಳಲು ಹೇಳಿ, ಅವರಿಗೂ ಬೇಕು. ಮೊದಲ ತಿಂಗಳು ನಿಮ್ಮ ಲೆಕ್ಕವನ್ನೇ ಮೊದಲು ಓದಿ. ಮೊದಲ ಕೂಟದಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದೆ. ಯಾರು ನಿಲ್ಲುತ್ತಾರೆ, ಯಾರು ಹೋಗುತ್ತಾರೆ ಅಂತ ಅದರಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಉತ್ತರ ತಯಾರು ಮಾಡಿಕೊಂಡು ಬರುತ್ತಾರೆ. ಗುಂಪು ನಡೆಸುವವರು ಎದುರು ಸಿಕ್ಕರೆ ಹೇಳುತ್ತೇನೆ.

ಲೆಕ್ಕ ಬರೆಯುವ ಪುಸ್ತಕ ದಪ್ಪ ರಟ್ಟಿನದ್ದೇ ಇರಲಿ. ರೈಸ್ ಮೆಮೋರಿಯಲ್ ಚರ್ಚ್ ಇರುವ ಅವೆನ್ಯೂ ರಸ್ತೆಯಲ್ಲೇ ಸಗಟಿನಲ್ಲಿ ಸಿಗುತ್ತದೆ, ನಾನು ಕೊಂಡಾಗ ಒಂದಕ್ಕೆ 60, 70 ರೂಪಾಯಿ ಇತ್ತು. ಜುಲೈನಲ್ಲಿ ಶುರು ಮಾಡಿ. ಜೂನ್‌ನಲ್ಲಿ ಸ್ಕೂಲ್ ಫೀಸು, ಡಿಸೆಂಬರ್‌ನಲ್ಲಿ ಬಟ್ಟೆ, ಕೇಕು, ಊರಿಂದ ಬರುವ ನೆಂಟರು. ಆ ಎರಡು ತಿಂಗಳ ಲೆಕ್ಕ ನೋಡಿ ಯಾರನ್ನೂ ಅಳೆಯಲು ಆಗುವುದಿಲ್ಲ.