ಮೊದಲ ಟ್ರೈಪಾಡ್ ಆರಿಸುವುದು: ಮುಂಬೈಯಲ್ಲಿ ನನ್ನ ಅನುಭವ

ಟ್ರೈಪಾಡ್ ಕೊಳ್ಳಲು ಹೋಗುವಾಗ ಅಳತೆ ಟೇಪು ಜೊತೆಗಿರಲಿ. ಪೆಟ್ಟಿಗೆಯ ಮೇಲೆ ಬರೆದ ಎತ್ತರ ಸಾಮಾನ್ಯವಾಗಿ ಸೆಂಟರ್ ಕಾಲಂ (ನಡುವಿನಿಂದ ಮೇಲೇಳುವ ಕೋಲು) ಪೂರ್ತಿ ಎಳೆದಾಗಿನದು. ಕಾಲಂ ಎತ್ತಿದರೆ ಮೂರು ಕಾಲಿನ ಮೇಲೆ ಒಂಟಿ ಕೋಲು ನೆಟ್ಟ ಹಾಗೆ, ಗಾಳಿ ಬೀಸಿದರೆ ಅದೇ ಮೊದಲು ಅಲುಗುತ್ತದೆ. ಅದಕ್ಕೇ ಕಾಲಂ ಇಳಿಸಿದ ಎತ್ತರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ನಿಮ್ಮ ಕಣ್ಣು ನೆಲದಿಂದ 158 ಸೆಂ.ಮೀ. ಮೇಲಿದ್ದರೆ, ಹೆಡ್‌ಗೆ (ಕ್ಯಾಮೆರಾ ಕೂರಿಸಿ ತಿರುಗಿಸುವ ಮೇಲಿನ ಭಾಗ) 10, ಕ್ಯಾಮೆರಾಗೆ 10 ಕಳೆದು ಉಳಿಯುವ 138 ಸೆಂ.ಮೀ. ಕಾಲುಗಳಿದ್ದರೆ ಬಗ್ಗದೆ ನಿಂತೇ ಫೋಟೋ ತೆಗೆಯಬಹುದು.

ಡೊಂಬಿವಲಿಯಂಥ ದೂರದ ಊರಿನಿಂದ ಲೋಕಲ್ ರೈಲು ಹತ್ತಿ ಬರುವವರಿಗೆ ಮಡಿಸಿದ ಉದ್ದವೂ ಮುಖ್ಯ. ನಾಲ್ಕು ಭಾಗದ ಕಾಲು 45–50 ಸೆಂ.ಮೀ.ಗೆ ಮಡಿಸಿಕೊಂಡು ಬ್ಯಾಗಿನ ಪಕ್ಕದಲ್ಲಿ ನಿಲ್ಲುತ್ತದೆ. ಐದು ಭಾಗದ್ದು ಇನ್ನೂ ಚಿಕ್ಕದು, ಆದರೆ ಕೊನೆಯ ಕೊಳವೆ ಪೆನ್ಸಿಲಿಗಿಂತ ತುಸು ದಪ್ಪ ಅಷ್ಟೇ. ನಾನಂತೂ ಬೇಡ ಅನ್ನುತ್ತೇನೆ. ಟ್ರೈಪಾಡ್ ಎಷ್ಟು ಭಾರ ಹೊರುತ್ತದೆ ಎಂದು ಬರೆಯುವ ಅಂಕಿಯನ್ನು ಅಳೆಯಲು ಎಲ್ಲ ಕಂಪನಿಗಳಿಗೂ ಒಂದೇ ಮಾನದಂಡವಿಲ್ಲ. ಹಾಗಾಗಿ ಕ್ಯಾಮೆರಾ, ಲೆನ್ಸ್ ಸೇರಿ ಒಂದೂವರೆ ಕೆ.ಜಿ. ಇದ್ದರೆ 5 ಕೆ.ಜಿ. ಎಂದು ಬರೆದಿರುವುದನ್ನೇ ನೋಡಿ.

ಮುಂಬೈಯ ಫೋರ್ಟ್ ಪ್ರದೇಶದ ಬೋರಾ ಬಜಾರ್‌ನಲ್ಲಿ ಕ್ಯಾಮೆರಾ ಸಾಮಾನಿನ ಅಂಗಡಿಗಳಿವೆ. ಅಲ್ಲಿಗೆ ನಿಮ್ಮದೇ ಕ್ಯಾಮೆರಾ, ಇರುವುದರಲ್ಲೇ ಉದ್ದದ ಲೆನ್ಸ್ ಒಯ್ಯಿರಿ. ಕಾಲು ಪೂರ್ತಿ ಎಳೆದು, ಲೈವ್ ವ್ಯೂನಲ್ಲಿ (ಕ್ಯಾಮೆರಾದ ಹಿಂದಿನ ಪರದೆಯಲ್ಲಿ) ಎದುರಿನ ಬೋರ್ಡಿನ ಒಂದು ಅಕ್ಷರವನ್ನು 10 ಪಟ್ಟು ದೊಡ್ಡದು ಮಾಡಿ, ಕಾಲಿಗೆ ಬೆರಳಿನಿಂದ ತಟ್ಟಿ. ಎರಡು ಸೆಕೆಂಡಿನೊಳಗೆ ಅಲುಗಾಟ ನಿಲ್ಲಬೇಕು. ಇಲ್ಲದಿದ್ದರೆ ಶಟರ್ ಒತ್ತಿದ 2 ಸೆಕೆಂಡಿನ ಮೇಲೆ ಫೋಟೋ ತೆಗೆಯುವ ಟೈಮರ್ ಇಟ್ಟೂ ಪ್ರಯೋಜನವಿಲ್ಲ. ಆಮೇಲೆ ಅಕ್ಷರವನ್ನು ಚೌಕಟ್ಟಿನ ನಡುವೆ ತಂದು ಬಾಲ್ ಹೆಡ್ (ಗುಂಡಿನ ಮೇಲೆ ಎತ್ತ ಬೇಕಾದರೂ ತಿರುಗುವ ಹೆಡ್) ಬಿಗಿದು ಕೈ ಬಿಡಿ. ಅಕ್ಷರ ಮೇಲಕ್ಕೆ ಸರಿಯಿತೋ, ಹೆಡ್ ಲೆನ್ಸಿನ ಭಾರಕ್ಕೆ ಕುಸಿಯುತ್ತಿದೆ ಎಂದರ್ಥ. ಅಂಗಡಿಯವರು ‘ಚಲ್ತಾ ಹೈ ಸಾಬ್’ ಅಂದರೂ ಅದನ್ನು ಬಿಟ್ಟುಬಿಡಿ.

ಕ್ಯಾಮೆರಾದ ತಳಕ್ಕೆ ಬಿಗಿದು ಹೆಡ್ಡಿಗೆ ಕೂರಿಸುವ ಪ್ಲೇಟು, ಹಲವು ಕಂಪನಿಗಳು ಬಳಸುವ ಆರ್ಕಾ ಮಾದರಿಯದಿರಲಿ, ಬೇರೆ ಕಂಪನಿಯದೂ ಸಾಮಾನ್ಯವಾಗಿ ಕೂರುತ್ತದೆ. ಕ್ಯಾಮೆರಾಗೆ ಹೋಗುವ ಸ್ಕ್ರೂ 1/4 ಇಂಚಿನದು. ಹೆಡ್ಡು ಕಾಲಿಗೆ ಕೂರುವುದು ಹೆಚ್ಚಾಗಿ 3/8 ಇಂಚಿನ ಸ್ಕ್ರೂ ಮೇಲೆ. ಹೆಡ್ ಬಿಚ್ಚಲು ಬಾರದ ಟ್ರೈಪಾಡ್ ತೆಗೆದುಕೊಂಡರೆ ಮುಂದೆ ಒಳ್ಳೆಯ ಹೆಡ್ ಹಾಕುವ ದಾರಿಯೇ ಮುಚ್ಚಿಹೋಗುತ್ತದೆ.

ಇಲ್ಲಿ ಟ್ರೈಪಾಡ್ ಕೆಡಿಸುವುದು ಕಡಲು. ಜುಹೂನಲ್ಲೋ ಗೋವಾದಲ್ಲೋ ಮರಳಿಗಿಳಿದಾಗ ಎಲ್ಲಕ್ಕಿಂತ ಕೆಳಗಿನ, ತೆಳ್ಳಗಿನ ಭಾಗವನ್ನೇ ಮೊದಲು ಎಳೆಯಿರಿ. ಆಗ ಕಾಲಿನ ಭಾಗಗಳನ್ನು ಬಿಗಿಯುವ ಲಾಕಿನ ಜಾಗ ನೀರಿಗಿಂತ ಮೇಲಿರುತ್ತದೆ. ಅಲೆ ಹಿಂದೆ ಸರಿಯುವಾಗ ಕಾಲಡಿಯ ಮರಳನ್ನೂ ಎಳೆದೊಯ್ಯುತ್ತದೆ. ಹಾಗಾಗಿ ಶಟರ್ ಒತ್ತುವ ಮೊದಲೇ ಮೂರೂ ಕಾಲು ಅದುಮಿ ಹೂತುಬಿಡಿ. ಬ್ಯಾಗನ್ನು ಟ್ರೈಪಾಡಿನ ಕೊಕ್ಕೆಗೆ ಭಾರಕ್ಕೆಂದು ತೂಗಿಸುವುದಾದರೆ ಅದರ ತಳ ನೆಲಕ್ಕೆ ತಾಗಿರಲಿ, ಇಲ್ಲವಾದರೆ ಗಾಳಿಗೆ ತೂಗಾಡಿ ಅದೇ ಅಲುಗಿಸುತ್ತದೆ.

ಮನೆಗೆ ಬಂದ ಮೇಲೆ, ಕಾಲು ಮಡಿಸುವ ಮೊದಲೇ ಸಿಹಿನೀರಿನಲ್ಲಿ ತೊಳೆಯಬೇಕು. ಮಡಿಸಿದರೆ ಮರಳು ಒಳಗೆ ಸೇರಿ, ತಿರುಗಿಸುವಾಗ ಕರಕರ ಎನ್ನುತ್ತದೆ. ತಿರುಗಿಸುವ ಲಾಕ್ ಇದ್ದರೆ ಬಿಚ್ಚಿ ಕೆಳಗಿನ ಭಾಗ ಹೊರತೆಗೆಯಿರಿ. ಕೊಳವೆಗೆ ಅಂಟಿಕೊಂಡ ಪ್ಲಾಸ್ಟಿಕ್ ತುಂಡುಗಳು ಯಾವ ತೂತಿಗೆ ಕೂತಿದ್ದವು ಎಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಲಾಕಿನ ಸ್ಕ್ರೂ ಎಳೆಗಳಿಗೆ (ಥ್ರೆಡ್) ತೆಳ್ಳಗೆ ಗ್ರೀಸ್, ಪ್ಲಾಸ್ಟಿಕ್ಕಿಗೆ ಬೇಡ. ಕಾರ್ಬನ್ ಕೊಳವೆಗೆ ತುಕ್ಕು ಹಿಡಿಯದಿದ್ದರೂ ಲಾಕು, ಸ್ಕ್ರೂಗಳು ಲೋಹದವೇ, ಅದಕ್ಕೂ ಇದೇ ಆರೈಕೆ.

ಪಾದಚಾರಿ ಸೇತುವೆಯ ಮೇಲೆ ಎಂಥ ಟ್ರೈಪಾಡೂ ಸಾಲದು: ಕೆಳಗೆ ರೈಲು ಹೋದಾಗ ಸೇತುವೆಯೇ ನಡುಗುತ್ತದೆ, ಅದು ನಿಲ್ಲುವವರೆಗೆ ಕಾಯಬೇಕು. ಎಲಿಫೆಂಟಾ, ಕಾನ್ಹೇರಿ ಗುಹೆಗಳಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡಿಗೆ ಮುಂಚಿತವಾಗಿ ಅನುಮತಿ ಬೇಕು, ಗೇಟಿನಲ್ಲಿ ಬೇಡಿಕೊಂಡರೆ ಬಿಡುವುದಿಲ್ಲ.